ಗಾಣದ ಎತ್ತು, ಕಾಗದದ ವಯಸ್ಸು

ಎಲ್ಲರಿಗೂ ನಮಸ್ಕಾರ. ಜೂನ್ 1ಕ್ಕೆ ಹುಟ್ಟಿದವರು ಸ್ವಲ್ಪ ಕೈ ಎತ್ತಿ. ನೋಡಿ, ಅರ್ಧ ಸಭೆ! ನಿಮ್ಮ ತಾಯಂದಿರೆಲ್ಲ ಮಾತಾಡಿಕೊಂಡು ಒಂದೇ ದಿನ ಹೆತ್ತರಾ? ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು ಬರೆದ ತಾರೀಖು ಅದು. ನಮ್ಮಜ್ಜಿಯ ವಯಸ್ಸು ಕೇಳಿದರೆ, "ಪ್ಲೇಗು ಬಂದಾಗ ನಾನು ಕಂಕುಳಲ್ಲಿದ್ದೆ" ಅನ್ನುತ್ತಿದ್ದಳು. ಪ್ಲೇಗು ಎಷ್ಟು ಸಲ ಬಂತೋ!

ಸಂಘದವರು ಕೊಟ್ಟ ವಿಷಯ, ಜಪಾನಿನ ರೈತರ ದೀರ್ಘಾಯುಷ್ಯದ ಗುಟ್ಟು. ಗುಟ್ಟು ಗೊತ್ತಿದ್ದರೆ ನಾನು ಬಿಪಿ ಮಾತ್ರೆ ನುಂಗಿ ಬರುತ್ತಿರಲಿಲ್ಲ. ನಾನು ಹೇಳುವುದು ಒಬ್ಬ ಕಬ್ಬಿನ ರೈತನ ಕಥೆ.

ಹೆಸರು ಶಿಗೆಚಿಯೊ ಇಜುಮಿ. ಕ್ಯುಶು ಮತ್ತು ಓಕಿನಾವಾ ನಡುವೆ ತೊಕುನೊಶಿಮಾ ಅಂತ ದ್ವೀಪ, ಅಲ್ಲಿಯವರು. ಕಬ್ಬು, ಬೆಲ್ಲದ ನಾಡು. ನಮ್ಮ ಆಲೆಮನೆಯ ಹಾಗೆ ಅಲ್ಲೂ ಎತ್ತು ಕಟ್ಟಿ ಗಾಣ ತಿರುಗಿಸುತ್ತಿದ್ದರು. ಆದರೆ ಬೆಳೆದವನ ಬಾಯಿಗೆ ಸಿಹಿ ಇಲ್ಲ. ಕ್ಯುಶುವಿನ ಸತ್ಸುಮಾ ಸೀಮೆಯ ದೊರೆಗಳು ತೆರಿಗೆ ಅಂತ ಬೆಲ್ಲವನ್ನೆಲ್ಲ ಬಾಚಿಕೊಂಡು ಹೋಗುತ್ತಿದ್ದರು. ಆ ಕಾಲಕ್ಕೆ ಜನ 'ಬೆಲ್ಲದ ನರಕ' ಅಂತಲೇ ಹೆಸರಿಟ್ಟಿದ್ದಾರೆ.

ಇಜುಮಿ 1872ರಲ್ಲೇ ಗಾಣದ ಎತ್ತು ಹೊಡೆದ ಹುಡುಗ ಅಂತ ಹೇಳುತ್ತಿದ್ದರು. ಎಪ್ಪತ್ತಕ್ಕೆ ಸಿಗರೇಟು ಶುರು ಮಾಡಿದರಂತೆ! (ಹಿಂದಿನ ಸಾಲಿನವರು ನಗಬೇಡಿ, ನಿಮ್ಮ ಮನೆಯವರೂ ಬಂದಿದ್ದಾರೆ.) ದಿನಾ ಬೆಲ್ಲದ ಶೋಚು, ಅಂದರೆ ಅಲ್ಲಿನ ಭಟ್ಟಿ ಸಾರಾಯಿ, ಒಂದಿಷ್ಟು ಬೇಕೇ ಬೇಕು. ಡಾಕ್ಟರು ಬಿಡಿ ಅಂದರೆ, ಬಿಡುವುದಕ್ಕಿಂತ ಸಾಯುವುದೇ ವಾಸಿ ಅಂದರಂತೆ. 1986ರ ಫೆಬ್ರವರಿ 21ರಂದು ತೀರಿಕೊಂಡರು. ಗಿನ್ನೆಸ್ ಲೆಕ್ಕ: 120 ವರ್ಷ, 237 ದಿನ. ದಿನದ ಲೆಕ್ಕ ಕೂಡ ಪಕ್ಕಾ, ಅಲ್ವಾ?

ಆಮೇಲೆ ಅನುಮಾನ ಬಂತು. ಅಣ್ಣನೊಬ್ಬ ಚಿಕ್ಕವನಿದ್ದಾಗಲೇ ಹೋಗಿದ್ದ, ಅವನ ಹೆಸರನ್ನೇ ಈ ಮಗುವಿಗೆ ಇಟ್ಟರು, ಕಾಗದದಲ್ಲಿ ಇಬ್ಬರೂ ಒಬ್ಬರಾದರು ಅಂತ. ಗಿನ್ನೆಸ್ ದಾಖಲೆ ಹಿಂದೆ ತೆಗೆದುಕೊಂಡಿತು. ಹಾಗಾದರೆ ನಿಜವಾದ ವಯಸ್ಸು ಸುಮಾರು 105. 1872ರಲ್ಲಿ ಎತ್ತು ಹೊಡೆದವನು ಇನ್ನೂ ಹುಟ್ಟೇ ಇರಲಿಲ್ಲ!

ನಾನು ಪದೇ ಪದೇ ಹೇಳುವುದು ಇದನ್ನೇ. ವಯಸ್ಸು ಮೈಯಲ್ಲಿ ಅರ್ಧ, ಕಾಗದದಲ್ಲಿ ಅರ್ಧ. 2010ರಲ್ಲಿ ಜಪಾನ್ ಸರ್ಕಾರ ಕುಟುಂಬದ ದಾಖಲೆ ತೆಗೆದು ನೋಡಿದರೆ, ನೂರು ದಾಟಿದವರಲ್ಲಿ 2,30,000ಕ್ಕೂ ಜಾಸ್ತಿ ಜನರ ಪತ್ತೆಯೇ ಇಲ್ಲ. ಯಾರೂ ಹೆಸರು ಹೊಡೆದುಹಾಕಿರಲಿಲ್ಲ. ಅಷ್ಟು ಶಿಸ್ತಿನ ದೇಶದಲ್ಲಿ! ಇನ್ನು ನಮ್ಮ ಊರಿನ 'ನೂರಿಪ್ಪತ್ತು ವರ್ಷದ ಅಜ್ಜ'ನ ಫೋಟೊ ವಾಟ್ಸಾಪಿಗೆ ಬಂದರೆ ನಾನು ಸುಮ್ನೆ ಕೈ ಮುಗಿಯುತ್ತೇನೆ, ಲೆಕ್ಕ ಕೇಳುವುದಿಲ್ಲ.

ಹೊತ್ತಾಯಿತು ಅಂತ ಚೀಟಿ ಬಂತು. ಅನ್ನ, ಮೀನು, ನಡಿಗೆ, ಎಲ್ಲ ಹೇಳಬೇಕಿತ್ತು, ಬಿಡಿ. ಜಿರೊಎಮಾನ್ ಕಿಮುರಾ ಬಗ್ಗೆ ಒಂದೇ ಮಾತು. ಕ್ಯೋಟೊ ಸೀಮೆಯವರು. ಅಂಚೆ ಕಚೇರಿಯಿಂದ ನಿವೃತ್ತರಾಗಿ, ತೊಂಬತ್ತರವರೆಗೆ ಹೊಲದಲ್ಲಿ ದುಡಿದರು. ಹೊಟ್ಟೆ ಬಿರಿಯುವ ಹಾಗೆ ತಿನ್ನಬೇಡಿ ಅನ್ನುತ್ತಿದ್ದರು. 2013ರಲ್ಲಿ ತೀರಿಕೊಂಡಾಗ 116 ವರ್ಷ 54 ದಿನ. ಗಂಡಸರಲ್ಲಿ ಇವತ್ತಿಗೂ ಅದೇ ದಾಖಲೆ, ಕಾಗದವೆಲ್ಲ ತಾಳೆ ನೋಡಿದ್ದು. ಆದರೂ ಅವರ ಮನೆಯವರೊಬ್ಬರು ಹೇಳುತ್ತಿದ್ದರು: ಹುಟ್ಟಿದ್ದು ಏಪ್ರಿಲ್ 19 ಅಲ್ಲ, ಮಾರ್ಚ್ 19, ಊರುಗಳ ದಾಖಲೆ ಒಟ್ಟು ಮಾಡುವಾಗ ತಪ್ಪಾಯಿತು ಅಂತ.

ಎರಡನೇ ಚೀಟಿಯೂ ಬಂತು. ಕಾಫಿ ಆರುತ್ತಿದೆಯಂತೆ, ಏಳಿ.