ಸೋತ ಮೇಲೆ ಅಚ್ಚಾದ ಗೆಲುವು

ಕೇಳುಗರಿಗೆ ನಮಸ್ಕಾರ. ಹಳೆಯ ನಾಣ್ಯವನ್ನು ಕಂಡೊಡನೆ ಅದರ ಬೆಲೆ ಎಷ್ಟೆಂದು ವಿಚಾರಿಸುವವರೇ ಹೆಚ್ಚು. ದಯವಿಟ್ಟು ಬೆಲೆಯನ್ನು ಬದಿಗಿಟ್ಟು, ಅದನ್ನು ಅಚ್ಚು ಹಾಕಿಸಿದ್ದು ಯಾವಾಗ ಎಂದು ಕೇಳಿ.

ಗ್ರೀಕ್ ಅರಸ ಡಿಮೀಟ್ರಿಯಸನ ಬೆಳ್ಳಿ ನಾಣ್ಯವೊಂದಿದೆ. ನಾಲ್ಕು ಡ್ರಾಕ್ಮಾ ಮೌಲ್ಯದ್ದು, ತೂಕ ಸುಮಾರು 17 ಗ್ರಾಂ. ಒಂದು ಮುಖದಲ್ಲಿ ರೆಕ್ಕೆಯುಳ್ಳ ವಿಜಯದೇವತೆ ನೈಕಿ ಯುದ್ಧನೌಕೆಯ ಮೂತಿಯ ಮೇಲೆ ನಿಂತು ಕಹಳೆ ಊದುತ್ತಿದ್ದಾಳೆ. ಇನ್ನೊಂದರಲ್ಲಿ ಕಡಲ ದೇವರು ಪೊಸೈಡನ್ ತ್ರಿಶೂಲವನ್ನೆತ್ತಿ ನಿಂತಿದ್ದಾನೆ. ಕ್ರಿ.ಪೂ. 306ರಲ್ಲಿ ಸೈಪ್ರಸ್ ದ್ವೀಪದ ಸಲಾಮಿಸ್ ಬಳಿ, ಈಜಿಪ್ಟಿನ ಟಾಲೆಮಿಯ ನೌಕಾಪಡೆಯನ್ನು ಡಿಮೀಟ್ರಿಯಸ್ ಮುರಿದ ಗೆಲುವಿನ ನೆನಪು ಅದು.

ಆ ಸುದ್ದಿ ಅವನ ತಂದೆಗೆ ತಲುಪಿದ ಬಗೆಯನ್ನು ಪ್ರಾಚೀನ ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿಟ್ಟಿದ್ದಾನೆ. ದೂತ ಅರಿಸ್ಟೋಡೆಮಸ್ ಹಡಗನ್ನು ದಡಕ್ಕೆ ತಾಗಿಸದೆ, ಉಳಿದವರೆಲ್ಲರೂ ಅದರಲ್ಲೇ ಇರಬೇಕೆಂದು ಹೇಳಿ, ಸಣ್ಣ ದೋಣಿಯಲ್ಲಿ ಒಬ್ಬನೇ ಬಂದಿಳಿದನು. ಮುಖ ಗಂಭೀರವಾಗಿತ್ತು, ನಡಿಗೆ ನಿಧಾನವಾಗಿತ್ತು, ಬಾಯಲ್ಲಿ ಒಂದು ಮಾತೂ ಇರಲಿಲ್ಲ. ಮಗನಿಗೆ ಏನಾಯಿತೋ ಎಂದು ಕಳವಳಗೊಂಡ ಮುದಿ ಆಂಟಿಗೋನಸ್ ಒಬ್ಬರ ಹಿಂದೊಬ್ಬರನ್ನು ಕಳುಹಿಸಿ ವಿಚಾರಿಸಿದರೂ ಉತ್ತರ ಬರಲಿಲ್ಲ. ಕೊನೆಗೆ ತಡೆಯಲಾರದೆ ಅವನೇ ಬಾಗಿಲಿಗೆ ಬಂದಾಗ, ಅರಿಸ್ಟೋಡೆಮಸ್ ಕೈ ಚಾಚಿ, ಅವನನ್ನು ‘ಅರಸ’ನೆಂದು ಗಟ್ಟಿಯಾಗಿ ಸಂಬೋಧಿಸಿ, ಟಾಲೆಮಿ ಸೋತನೆಂದೂ ಸೈಪ್ರಸ್ ನಮ್ಮದಾಯಿತೆಂದೂ ಸಾರಿದನು. ಇಷ್ಟು ಹೊತ್ತು ಗೋಳಾಡಿಸಿದ್ದಕ್ಕೆ ದಂಡವಾಗಿ ನಿನ್ನ ಉಡುಗೊರೆಯೂ ತಡವಾಗಿಯೇ ಬರುತ್ತದೆ ಎಂದನಂತೆ ಆಂಟಿಗೋನಸ್. ತಂದೆ ಮಗ ಇಬ್ಬರೂ ಅರಸರೆನಿಸಿಕೊಂಡದ್ದು ಆ ಗೆಲುವಿನ ಬಲದಿಂದಲೇ.

ಆದರೆ ಆ ನಾಣ್ಯ ಅಚ್ಚಾದದ್ದು ಯಾವಾಗ? ಆ ಸಂಭ್ರಮದ ದಿನಗಳಲ್ಲಿ ಅಲ್ಲ. ಕ್ರಿ.ಪೂ. 301ರಲ್ಲಿ ಇಪ್ಸಸ್ ರಣರಂಗದಲ್ಲಿ ಆಂಟಿಗೋನಸ್ ಮಡಿದು, ಏಷ್ಯಾದ ವಿಸ್ತಾರವಾದ ರಾಜ್ಯ ಕೈತಪ್ಪಿ, ಡಿಮೀಟ್ರಿಯಸನ ಪಾಲಿಗೆ ನೌಕಾಬಲವೂ ಕೆಲವು ರೇವುಪಟ್ಟಣಗಳೂ ಮಾತ್ರ ಉಳಿದ ಮೇಲೆ. ನೆಲದ ಮೇಲೆ ಸೋತ ಅರಸನು, ಸಂಬಳಕ್ಕೆ ಹೋರಾಡುವ ಸೈನಿಕರ ಅಂಗೈಯಲ್ಲಿ ಕಡಲ ಗೆಲುವನ್ನಿಟ್ಟು, ಕಡಲು ಇನ್ನೂ ತನ್ನದೆಂದು ಹೇಳಿದನು. ಅಚ್ಚಾದ ಕಾಲವನ್ನು ಕೇಳದಿದ್ದರೆ ಈ ಮಾತು ನಮಗೆ ಕೇಳಿಸುವುದೇ ಇಲ್ಲ.

ಸಮಯ ಮುಗಿಯುತ್ತಾ ಬಂದಿದೆ. ಆದರೂ ಅಲೆಕ್ಸಾಂಡರನ ದೊಡ್ಡ ಬೆಳ್ಳಿ ನಾಣ್ಯವನ್ನು ಬಿಡಲಾರೆ. ಕುದುರೆ ಸವಾರನೊಬ್ಬ ಆನೆಯ ಮೇಲಿನ ಇಬ್ಬರನ್ನು ಈಟಿ ಹಿಡಿದು ಅಟ್ಟುವ ಆ ಚಿತ್ರ, ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಡದಲ್ಲಿ ಪೋರಸನೊಡನೆ ನಡೆದ ಕಾಳಗದ್ದು. ಬ್ರಿಟಿಷ್ ಮ್ಯೂಸಿಯಂನಲ್ಲಿ ಅದರ ಪ್ರತಿಯಿದೆ. ಅಲ್ಲಿಯೂ ಕಾಲವನ್ನೇ ಕೇಳಿ: ಹೆಚ್ಚಿನ ವಿದ್ವಾಂಸರು ಅದನ್ನು ಇಂದಿನ ಇರಾಕಿನಲ್ಲಿದ್ದ ಬ್ಯಾಬಿಲೋನಿನ ಟಂಕಸಾಲೆಯದೆನ್ನುತ್ತಾರೆ, ಎಂದರೆ ಸೈನ್ಯವು ಸಿಂಧೂ ಬಯಲನ್ನು ಬಿಟ್ಟು ಹಿಂದಿರುಗಿದ ಮೇಲಿನದು. ನಮಸ್ಕಾರ.