ಜರ್ಮನ್ ಬಿ1 ಆಯ್ತು, ಮುಂದೆ ಯಾವುದನ್ನ ಓದೋದು, ಯಾವುದನ್ನ ಕೇಳೋದು?

ನಮಸ್ಕಾರ. ಜರ್ಮನ್ ಕಲಿಕೆಯ ಮಧ್ಯಮ ಮಟ್ಟವಾದ ಬಿ1 ಮುಗಿಸಿ ಅದರ ಮೇಲಿನ ಬಿ2ಗೆ ಹೊರಟವರು ಇನ್ನೊಂದು ಆ್ಯಪ್ ಹಾಕ್ಕೊಳ್ಳೋ ಮುಂಚೆ ಒಂದು ನಿಮಿಷ ನಿಲ್ಲಿ. ನಾಲ್ಕು ಉತ್ತರ ಕೊಟ್ಟು ಸರಿಯಾದದ್ದು ಆರಿಸಿ ಅನ್ನೋ ಅಭ್ಯಾಸದಿಂದ ಪದದ ಗುರುತು ಸಿಗುತ್ತೆ, ಆದ್ರೆ ಅದು ಬಾಯಿಗೆ ಬರಲ್ಲ. ಈಗ ಬೇಕಿರೋದು ನಿಮ್ಮ ಮಟ್ಟಕ್ಕಿಂತ ಒಂದೇ ಮೆಟ್ಟಿಲು ಮೇಲಿರೋ ಬರಹ ಮತ್ತು ಧ್ವನಿ.

ಮಟ್ಟ ಅಳೆಯೋದು ಸುಲಭ. ಲೇಖನದಲ್ಲಿ 100 ಪದ ಎಣಿಸಿ, ಗೊತ್ತಿಲ್ಲದ್ದಕ್ಕೆ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. ಎರಡು ಇದ್ರೆ ನಿಘಂಟು ಮುಟ್ಟದೆ ಓದ್ಕೊಂಡು ಹೋಗಿ. ಐದಾರು ಇದ್ರೆ ನಿಘಂಟು ಪಕ್ಕದಲ್ಲಿಟ್ಟು ಕೂತು ಓದಿ. ಹತ್ತು ದಾಟಿದ್ರೆ ಸದ್ಯಕ್ಕೆ ಬಿಡಿ. ಅಲ್ಲಿ ಊಹೆ ನಡೆಯಲ್ಲ, ಯಾಕಂದ್ರೆ ಊಹೆಗೆ ಆಸರೆ ಆಗಬೇಕಾದ ಅಕ್ಕಪಕ್ಕದ ಪದಗಳೂ ಗೊತ್ತಿರಲ್ಲ. ಅಂಥವರಿಗೆ ಡಾಯ್ಚ್‌ಲಾಂಡ್‌ಫುಂಕ್ ರೇಡಿಯೋದವರ 'ನಾಖ್‌ರಿಖ್ಟನ್‌ಲೈಖ್ಟ್' ಇದೆ, ಸರಳ ಜರ್ಮನ್‌ನಲ್ಲಿ ವಾರದ ಸುದ್ದಿ.

ಕೇಳೋದಕ್ಕೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲೆಯ 'ಲಾಂಗ್‌ಸಾಮ್ ಗೆಶ್ಪ್ರೊಖೆನೆ ನಾಖ್‌ರಿಖ್ಟನ್', ಅಂದ್ರೆ ನಿಧಾನವಾಗಿ ಓದಿದ ಸುದ್ದಿ. ಉಚಿತ. ಧ್ವನಿಯ ಜೊತೆ ಪಠ್ಯವೂ ಸಿಗುತ್ತೆ, ನಮಗೆ ಮುಖ್ಯ ಅದೇ. ಸುಮ್ಮನೆ ಕೇಳಿದ್ರೆ ಅರ್ಧ ಲಾಭ ಮಾತ್ರ. ಪಠ್ಯ ಮುಚ್ಚಿಟ್ಟು ಐದು ವಾಕ್ಯ ಬರೆದುಕೊಳ್ಳಿ. ಒಂದು ವಾಕ್ಯಕ್ಕೆ ಮೂರು ಸಲ ಕೇಳಬಹುದು, ಅದಕ್ಕಿಂತ ಹೆಚ್ಚು ಬೇಡ. ಆಮೇಲೆ ಪಠ್ಯ ತೆಗೆದು ಕೆಂಪು ಪೆನ್ನಲ್ಲಿ ತಿದ್ದಿ.

ಎಲ್ಲಿ ತಪ್ಪುತ್ತೆ ನೋಡಿ. 'ಮಿಟ್ ಡೇಮ್ ನೊಯೆನ್ ಗೆಝೆಟ್ಸ್', ಅಂದ್ರೆ ಹೊಸ ಕಾನೂನಿನೊಂದಿಗೆ. ಹಾಳೆ ಮೇಲೆ 'ಡೇಮ್' ಬದಲು 'ಡೇನ್' ಅಂತ ಬಂದಿರುತ್ತೆ. ಮಾತಿನ ಓಟದಲ್ಲಿ ಮ್, ನ್ ಬೇರೆ ಬೇರೆಯಾಗಿ ಕೇಳಿಸೋದು ಕಷ್ಟ. ಜರ್ಮನ್ನರಿಗೆ ಅದನ್ನ ತುಂಬಿಕೊಡೋದು ವ್ಯಾಕರಣ: 'ಮಿಟ್' ಬಂದ್ರೆ ಡಾಟಿವ್ ವಿಭಕ್ತಿ, 'ಗೆಝೆಟ್ಸ್' ನಪುಂಸಕಲಿಂಗ ಏಕವಚನ, ಹಾಗಾಗಿ 'ಡೇಮ್' ಬಿಟ್ಟು ಬೇರೆ ಆಗಲ್ಲ. ಕನ್ನಡದಲ್ಲಿ ವಿಭಕ್ತಿ ಪದದ ಬಾಲದಲ್ಲಿರುತ್ತೆ. ಇಲ್ಲಿ ಅದರ ಕೆಲಸವನ್ನ ಹೆಚ್ಚಾಗಿ ಮುಂದೆ ನಿಂತ ಪುಟ್ಟ ಪದ ಮಾಡುತ್ತೆ, ನಮ್ಮ ಗಮನ ಅದರ ಮೇಲಿಂದ ಜಾರಿಹೋಗುತ್ತೆ. ಇದೇ ತಪ್ಪು ಮೂರು ದಿನ ಬಂದ್ರೆ ಕಿವಿಯನ್ನ ದೂರಬೇಡಿ, ಡಾಟಿವ್ ಪಾಠ ಮತ್ತೆ ತೆಗೀರಿ.

ಇನ್ನು ನಿಘಂಟು. ಈ ಹಂತದಲ್ಲಿ ಇಂಗ್ಲಿಷ್ ಅರ್ಥ ಕೊಡೋ ನಿಘಂಟೊಂದೇ ಸಾಕಾಗಲ್ಲ. ಬರ್ಲಿನ್-ಬ್ರಾಂಡೆನ್‌ಬುರ್ಗ್ ವಿಜ್ಞಾನ ಅಕಾಡೆಮಿಯ ಡಿಡಬ್ಲ್ಯೂಡಿಎಸ್ ಅನ್ನೋ ಜರ್ಮನ್ ನಿಘಂಟಿನ ಜಾಲತಾಣದಲ್ಲಿ 'ವೋರ್ಟ್‌ಪ್ರೊಫೀಲ್' ಅಂತ ಒಂದು ಭಾಗ ಇದೆ, ಯಾವ ಪದ ಯಾವುದರ ಜೊತೆ ಸೇರುತ್ತೆ ಅಂತ ತೋರಿಸುತ್ತೆ. 'ಎಂಟ್‌ಶೈಡುಂಗ್', ಅಂದ್ರೆ ನಿರ್ಧಾರ, ಹುಡುಕಿ ನೋಡಿ. ನಾವು ನಿರ್ಧಾರ 'ಮಾಡ್ತೀವಿ', 'ತಗೋತೀವಿ', ಹಾಗಾಗಿ 'ಮಾಖೆನ್', 'ನೇಮೆನ್' ಅನ್ನೋಕೆ ಹೋಗ್ತೀವಿ. ಜರ್ಮನ್‌ನಲ್ಲಿ ಅದು 'ಟ್ರೆಫೆನ್', ಭೇಟಿಯಾಗು ಅನ್ನೋದಕ್ಕೂ ಅದೇ ಕ್ರಿಯಾಪದ. ಪದ ನೆನಪಿಡೋಕೆ ಬಳಸೋ ಆಂಕಿ ಆ್ಯಪ್‌ನ ಕಾರ್ಡ್‌ನಲ್ಲಿ ಒಂಟಿ ಪದ ಬೇಡ, 'ಐನೆ ಎಂಟ್‌ಶೈಡುಂಗ್ ಟ್ರೆಫೆನ್' ಅಂತ ಇಡಿಯಾಗಿ ಹಾಕಿ. ದಿನಕ್ಕೆ ಎಂಟು ಸಾಕು, ಇಪ್ಪತ್ತು ಹಾಕಿದ್ರೆ ಎರಡೇ ವಾರದಲ್ಲಿ ಪುನರಾವರ್ತನೆಯ ಹೊರೆ ತಲೆ ಮೇಲೆ ಕೂರುತ್ತೆ.

ಪುಸ್ತಕಕ್ಕೆ ಗೋಥೆ ಇನ್‌ಸ್ಟಿಟ್ಯೂಟ್‌ನ 'ಓನ್‌ಲೈಹೆ' ಅನ್ನೋ ಡಿಜಿಟಲ್ ಗ್ರಂಥಾಲಯ ಇದೆ. ಬೆಂಗಳೂರಲ್ಲಿದ್ರೆ ಇಂದಿರಾನಗರದಲ್ಲಿರೋ ಅದೇ ಸಂಸ್ಥೆಯ ಮ್ಯಾಕ್ಸ್ ಮುಲ್ಲರ್ ಭವನಕ್ಕೂ ಹೋಗಿ ಬನ್ನಿ.

ಏನೇ ತಗೊಂಡ್ರೂ ಒಂದು ತಿಂಗಳು ಒಂದೇ ವಿಷಯ ಹಿಡಿದುಕೊಳ್ಳಿ: ರೈಲು, ಬಾಡಿಗೆ ಮನೆ, ಆಸ್ಪತ್ರೆ, ಯಾವುದಾದ್ರೂ ಸರಿ. ಅವೇ ಪದಗಳು ಮತ್ತೆ ಮತ್ತೆ ಎದುರಾಗ್ತವೆ. 100 ಪದಕ್ಕೆ ಹಾಕೋ ಗೆರೆ ಐದಾರರಿಂದ ಎರಡಕ್ಕೆ ಇಳಿದ ದಿನ ವಿಷಯ ಬದಲಾಯಿಸಿ.