ಗ್ಯಾಲಕ್ಸಿಗೂ ಒಂದು ಅಂತರಗಂಗೆ

ಎಲ್ಲರಿಗೂ ನಮಸ್ಕಾರ. ಕೋಲಾರದಲ್ಲಿ ಮಾತಾಡುವಾಗ ಅಂತರಗಂಗೆಯಿಂದಲೇ ಶುರು ಮಾಡೋಣ ಅನಿಸಿತು. ಅಲ್ಲಿ ಬೆಟ್ಟದಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ, ಎಲ್ಲಿಂದ ಬರುತ್ತಿದೆ ಅಂತ ಕಣ್ಣಿಗೆ ಕಾಣುವುದಿಲ್ಲ. ಇವತ್ತು ನಾನು ಹೇಳಹೊರಟ ಗ್ಯಾಲಕ್ಸಿಗಳ ಅನಿಲದ ಕಥೆಯೂ ಹೆಚ್ಚು ಕಡಿಮೆ ಅದೇ.

ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲ ಹೊಸ ನಕ್ಷತ್ರಗಳಾಗುತ್ತದೆ. ಈಗ ಒಳಗಿರುವ ಅನಿಲವನ್ನು ಇದೇ ಲೆಕ್ಕದಲ್ಲಿ ಖರ್ಚು ಮಾಡುತ್ತಾ ಹೋದರೆ ಕೆಲವು ನೂರು ಕೋಟಿ ವರ್ಷಗಳಲ್ಲಿ ಮುಗಿಯುತ್ತದೆ, ಆದರೆ ಗ್ಯಾಲಕ್ಸಿಗೆ ಆಗಲೇ ಸಾವಿರ ಕೋಟಿ ವರ್ಷ ದಾಟಿದೆ. ಕೆರೆ ಯಾವತ್ತೋ ಬತ್ತಬೇಕಿತ್ತು ಅಲ್ವಾ? ಬತ್ತಿಲ್ಲ. ಹೊರಗಿಂದ ಅನಿಲ ಬಂದು ಸೇರುತ್ತಲೇ ಇದೆ.

ಆ ಹೊರಗಿನ ಅನಿಲ ಗ್ಯಾಲಕ್ಸಿಯ ಸುತ್ತ ಲಕ್ಷಾಂತರ ಜ್ಯೋತಿರ್ವರ್ಷ ಹರಡಿದೆ. ತುಂಬಾ ತೆಳು. ಒಂದು ಲೀಟರ್ ಹಾಲು ಹಿಡಿಸುವ ಜಾಗದಲ್ಲಿ ಸುಮಾರು ಒಂದು ಪರಮಾಣು, ಅಷ್ಟೇ. ಅದರ ಹೊಳಪನ್ನೇ ನೋಡುವುದು ಬಹಳ ಕಷ್ಟ, ಹಾಗಾಗಿ ಅದರ ಹಿಂದೆ ಎಲ್ಲೋ ಬಹುದೂರದಲ್ಲಿ ಉರಿಯುತ್ತಿರುವ ಒಂದು ಕ್ವೇಸಾರನ್ನು, ಅಂದರೆ ತುಂಬಾ ಪ್ರಖರವಾಗಿ ಬೆಳಗುವ ಗ್ಯಾಲಕ್ಸಿ ಕೇಂದ್ರವನ್ನು, ಹುಡುಕುತ್ತೇವೆ. ಬೆಳಗಿನ ಜಾವ ಮಂಜಿನಲ್ಲಿ ಟೊಮೇಟೊ ಗಾಡಿ ಬರುವಾಗ ಹೆಡ್‌ಲೈಟ್ ಮಂಕಾಗಿರುವುದರಿಂದಲೇ ನಡುವೆ ಎಷ್ಟು ಮಂಜಿದೆ ಅಂತ ಗೊತ್ತಾಗುತ್ತದಲ್ಲ, ಹಾಗೆ. ಒಂದು ವ್ಯತ್ಯಾಸ ಇದೆ. ಇಲ್ಲಿ ಎಲ್ಲ ಬಣ್ಣವೂ ಮಂಕಾಗುವುದಿಲ್ಲ, ಒಂದೊಂದು ಪರಮಾಣು ತನ್ನದೇ ಬಣ್ಣ ನುಂಗುತ್ತದೆ. ಹೈಡ್ರೋಜನ್ ನುಂಗುವುದು 121.6 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು. ಐದು ಎಲೆಕ್ಟ್ರಾನ್ ಕಳೆದುಕೊಂಡ ಬಿಸಿ ಆಕ್ಸಿಜನ್ 103.2 ಮತ್ತು 103.8. ಎಲ್ಲವೂ ಅತಿನೇರಳೆ. ನಮ್ಮ ಗಾಳಿ ಇದನ್ನು ಕೆಳಗೆ ಬಿಡುವುದೇ ಇಲ್ಲ, ಬಿಟ್ಟಿದ್ದರೆ ನಾವು ಬದುಕುತ್ತಿರಲಿಲ್ಲ. ಆದ್ದರಿಂದ ದೂರದರ್ಶಕ ಮೇಲೆ ಹೋಗಲೇಬೇಕು.

ಗ್ಯಾಲಕ್ಸಿಯ ಹೊರಗೆ ಬಿಸಿ ಅನಿಲ ಇರಬೇಕು ಅಂತ ಖಗೋಳ ವಿಜ್ಞಾನಿ ಲೈಮನ್ ಸ್ಪಿಟ್ಜರ್ 1956ರಲ್ಲೇ ಹೇಳಿದ್ದರು. 2009ರಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕಕ್ಕೆ ಕಾಸ್ ಅನ್ನುವ, ಅತಿನೇರಳೆ ಬೆಳಕನ್ನು ಬಣ್ಣ ಬಣ್ಣವಾಗಿ ಬಿಡಿಸಿ ನೋಡುವ ಹೊಸ ಉಪಕರಣ ಹಾಕಿದ ಮೇಲೆ ಕೆಲಸ ಜೋರಾಯಿತು. 2011ರಲ್ಲಿ ಬಂದ ಫಲಿತಾಂಶ ನನಗೆ ಇವತ್ತಿಗೂ ರೋಮಾಂಚನ. ನಕ್ಷತ್ರ ಹುಟ್ಟುತ್ತಿರುವ ಗ್ಯಾಲಕ್ಸಿಗಳ ಸುತ್ತ ಆ ಬಿಸಿ ಆಕ್ಸಿಜನ್ ಜಾಸ್ತಿ ಸಿಕ್ಕಿತು, ನಕ್ಷತ್ರ ಹುಟ್ಟುವುದು ನಿಂತ ಗ್ಯಾಲಕ್ಸಿಗಳ ಸುತ್ತ ತುಂಬಾ ಕಮ್ಮಿ. ಸ್ವಲ್ಪ ಯೋಚಿಸಿ. ಆಕ್ಸಿಜನ್ ತಯಾರಾಗುವುದು ನಕ್ಷತ್ರದ ಹೊಟ್ಟೆಯಲ್ಲಿ. ಅದು ಲಕ್ಷಾಂತರ ಜ್ಯೋತಿರ್ವರ್ಷ ದೂರದಲ್ಲಿ ಏನು ಮಾಡುತ್ತಿದೆ? ನಕ್ಷತ್ರಗಳು ಸಿಡಿದಾಗ ಹೊರಗೆ ಚಿಮ್ಮಿದ್ದು ಅದು, ಕೆರೆ ಕೋಡಿ ಹರಿದ ಹಾಗೆ. ಅದರಲ್ಲಿ ಒಂದಷ್ಟು ತಣ್ಣಗಾಗಿ ಮತ್ತೆ ಒಳಗೆ ಬೀಳುತ್ತದೆ, ಮತ್ತೆ ನಕ್ಷತ್ರವಾಗುತ್ತದೆ.

ನಮ್ಮ ಪಕ್ಕದ ಆಂಡ್ರೊಮೆಡಾ ಗ್ಯಾಲಕ್ಸಿಯನ್ನು ತಗೊಳ್ಳಿ. 43 ಕ್ವೇಸಾರ್‌ಗಳ ಬೆಳಕಿನಿಂದ ಅದರ ಅನಿಲವನ್ನು ಅಳೆದು 2020ರಲ್ಲಿ ಪ್ರಕಟಿಸಿದರು. ಅದು ಗ್ಯಾಲಕ್ಸಿಯಿಂದ ಸುಮಾರು 13 ಲಕ್ಷ ಜ್ಯೋತಿರ್ವರ್ಷ ದೂರದವರೆಗೆ ಹರಡಿದೆ. ಗ್ಯಾಲಕ್ಸಿ ಇರುವುದೇ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ, ಅಂದರೆ ಅದರ ಅನಿಲವೂ ನಮ್ಮದೂ ಆಗಲೇ ಒಂದಕ್ಕೊಂದು ತಾಗಿರಬಹುದು.

ಬೆಂಗಳೂರಿಗೆ ಹೋಗುವಾಗ ಹೊಸಕೋಟೆ ದಾಟುತ್ತೀರಲ್ಲ, ನಮ್ಮ ದೇಶದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್‌ನ ಅತಿನೇರಳೆ ದೂರದರ್ಶಕವನ್ನು ಜೋಡಿಸಿ ಪರೀಕ್ಷಿಸಿದ್ದು ಅಲ್ಲೇ. 2015ರ ಸೆಪ್ಟೆಂಬರ್ 28ರಂದು ಮೇಲೆ ಹೋಯಿತು. ಅದು ಮುಖ್ಯವಾಗಿ ಚಿತ್ರ ತೆಗೆಯುತ್ತದೆ, ಬಂದ ಅನಿಲ ಎಲ್ಲೆಲ್ಲಿ ಹೊಸ ನಕ್ಷತ್ರವಾಗುತ್ತಿದೆ ಅಂತ ತೋರಿಸುತ್ತದೆ.

ಇನ್ನೂ ಬಿಡಿಸಲಾಗದ ಗಂಟು ಒಂದಿದೆ. ನಕ್ಷತ್ರ ಹುಟ್ಟುವುದು ನಿಂತ ಎಷ್ಟೋ ಗ್ಯಾಲಕ್ಸಿಗಳ ಸುತ್ತಲೂ ತಣ್ಣನೆಯ ಹೈಡ್ರೋಜನ್ ಸಿಕ್ಕಿದೆ. ಹತ್ತಿರದಲ್ಲೇ ನೀರಿದೆ, ಕೆರೆ ಮಾತ್ರ ಒಣಗಿದೆ. ಯಾವುದು ತಡೆಯುತ್ತಿದೆ? ನಿಮಗೆ ಏನನಿಸುತ್ತದೆ, ಹೇಳಿ, ಅಲ್ಲಿಂದಲೇ ಪ್ರಶ್ನೋತ್ತರ ಶುರು ಮಾಡೋಣ.